ನಾಯಕರೂ ಬದನೆಕಾಯಿಯೂ ಒಂದೇ ಶೀಟಿನಲ್ಲಿ

ಮೇ 6, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಚಿತ್ರದುರ್ಗದ ನಮ್ಮ ಆಫ್‌ಸೆಟ್ ಪ್ರೆಸ್ಸಿನ ಮುಂದಿನ ಕೋಣೆ. ಒಬ್ಬ ಹೆಂಗಸು ಒಳಗೆ ಬಂದು, ಚೀಲ ಬಿಚ್ಚಿ, ನನ್ನ ಮೇಜಿನ ಮೇಲೆ ಏಳು ಬದನೆಕಾಯಿ ಸಾಲಾಗಿ ಇಟ್ಟರು.

ನನ್ನ ದಿನಚರಿಯಲ್ಲಿ ಈ ಸಂಗತಿ ಶುರುವಾಗುವುದು ಹೀಗೆ. ನಾನು ಹೊಳಲ್ಕೆರೆಯವಳು. ದಿನಾ ಬಸ್ಸಿನಲ್ಲಿ ಬಂದು ಈ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತೇನೆ. ದಿನಾಂಕ, ಗಂಟೆ, ಎಣಿಕೆ ಬರೆದಿಡುವುದು ಶಾಲೆಯಿಂದಲೂ ಇದ್ದ ಅಭ್ಯಾಸ. ಪ್ರೆಸ್ಸಿಗೆ ಸೇರಿದ ಮೇಲೆ ಅದು ಆತ್ಮರಕ್ಷಣೆಯೂ ಆಯಿತು. ಇಲ್ಲಿ ಒಂದು ಕೆಲಸ ಕೆಟ್ಟರೆ ಮೊದಲು ಮಾಯವಾಗುವುದು ಯಾರು ಯಾವಾಗ ಏನು ಹೇಳಿದ್ದರು ಎಂಬ ನೆನಪು.

ಆ ಹೆಂಗಸನ್ನು ನಾವೆಲ್ಲ ಆಮೇಲೆ ಬೀಜದಕ್ಕ ಎಂದೇ ಕರೆದೆವು. ಹಿರಿಯೂರಿನ ಪಕ್ಕದ ಬಬ್ಬೂರಿನ ಕಡೆಯವರು. ಹದಿನೈದು ವರ್ಷ ಬೇರೆಯವರ ಹೊಲಗಳಲ್ಲಿ ಸಸಿ ಕಿತ್ತು, ಸಸಿ ನೆಟ್ಟು, ಈಗ ತಮ್ಮ ಹಿತ್ತಲಲ್ಲೇ ಸಣ್ಣದೊಂದು ನರ್ಸರಿ ಮಾಡಿಕೊಂಡಿದ್ದರು. ಒಂದು ಜಾತಿಯ ಬದನೆಯನ್ನು ವರ್ಷ ವರ್ಷವೂ ಆರಿಸಿ ಆರಿಸಿ ಬೀಜ ಉಳಿಸಿಕೊಂಡು ಬಂದಿದ್ದರು. ಕಾಯಿ ಗಿಡ್ಡ, ಮೇಲೆ ತಿಳಿ ನೇರಳೆ, ಬುಡದ ಕಡೆ ಬಿಳಿ ಗೀರು. ಮೇಜಿನ ಮೇಲಿದ್ದ ಏಳೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

“ಇದೇ ಬಣ್ಣ ಬರಬೇಕು ನೋಡವ್ವ ಪಾಕೀಟಿನ ಮ್ಯಾಲೆ,” ಎಂದರು. “ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ. ಆರು ಅಂಗಡಿಯೋರು ಒಂದೊಂದು ಕೊಕ್ಕೆ ಕೊಟ್ಟವ್ರೆ. ಹಿರಿಯೂರಾಗೆ ಮೂರು, ಹೊಸದುರ್ಗದಾಗೆ ಎರಡು, ನಿಮ್ಮ ಹೊಳಲ್ಕೆರೇಲಿ ಒಂದು. ಮಳೆ ಬಿದ್ದು ಜನ ಬೀಜಕ್ಕೆ ಬರೋ ಹೊತ್ತಿಗೆ ನನ್ನ ಪಾಕೀಟು ಅಲ್ಲಿ ನೇತಾಡ್ತಿರಬೇಕು. ಜನ ತಿರುಗಿ ನೋಡ್ಲಿಲ್ಲ ಅಂದ್ರೆ ಕೊಕ್ಕೆ ವಾಪಸ್ ಕಂಪ್ನಿಯೋರಿಗೆ. ಆಮ್ಯಾಲೆ ನನಗೆ ಯಾರು ಕೊಡ್ತಾರೆ ಹೇಳು?”

ಬೀಜದ ಅಂಗಡಿಗಳಲ್ಲಿ ಪಾಕೀಟುಗಳನ್ನು ಕಬ್ಬಿಣದ ಕೊಕ್ಕೆಗೆ ಸಿಕ್ಕಿಸಿ ಮುಂದೆ ನೇತುಹಾಕುತ್ತಾರೆ. ಬದನೆ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರೆ ಯಾವ ಜಾತಿಯೆಂದು ಯಾರಿಗೂ ತಿಳಿಯದು. ಎಲ್ಲವೂ ಅದೇ ತಿಳಿಹಳದಿ ಚಪ್ಪಟೆ ಚುಕ್ಕಿ. ಕೊಳ್ಳುವವರು ನಂಬುವುದು ಚಿತ್ರವನ್ನು. ಆರು ಕೊಕ್ಕೆ, ಒಂದು ಚಿತ್ರ, ಮೊದಲ ಮಳೆ. ಅಕ್ಕನ ಹದಿನೈದು ವರ್ಷ ಇದರ ಮೇಲೆ ನಿಂತಿತ್ತು.

ಕಿಟಕಿಯ ಬೆಳಕಿನಲ್ಲಿ ಹದಿನಾಲ್ಕು ಫೋಟೋ ತೆಗೆದೆ. ಒಂದು ಬಹಳ ಚೆನ್ನಾಗಿ ಬಂತು. ಫೋನಿನಲ್ಲಿ ಕಾಯಿ ಮುಟ್ಟಿದರೆ ತಣ್ಣಗೆ ಸಿಗುವಂತಿತ್ತು. ಕಂಪ್ಯೂಟರಿನಲ್ಲೂ ಹಾಗೇ. “ಬರುತ್ತೆ ಬಿಡಕ್ಕ,” ಎಂದೆ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಹಾಗೆಂದೆನೆಂದು ದಿನಚರಿಯಲ್ಲಿದೆ.

ಮೇ 9, ಶುಕ್ರವಾರ. ಮೊದಲ ಶೀಟು ಮಿಷಿನ್ನಿನಿಂದ ಹೊರಬಂತು. ಬದನೆಕಾಯಿ ಸತ್ತುಹೋಗಿತ್ತು.

ನಮ್ಮ ಮಾಲೀಕರು ಅದನ್ನು ಒಪ್ಪಲಿಲ್ಲ. “ಬದನೆಕಾಯಿ ಬದನೆಕಾಯಿ ಇದ್ದಂಗೇ ಐತಲ್ಲಮ್ಮ,” ಎಂದರು. ಅವರು ಇಪ್ಪತ್ತೆರಡು ವರ್ಷದಿಂದ ಪ್ರೆಸ್ ನಡೆಸುತ್ತಿದ್ದಾರೆ. ಅವರ ಕಣ್ಣಿಗೆ ಬಿದ್ದ ಮುದ್ರಿತ ವಸ್ತುಗಳಲ್ಲಿ ಸರಿಯಿಲ್ಲದ್ದು ಇದುವರೆಗೆ ಒಂದೂ ಇಲ್ಲ. ವಾದ ಮಾಡುವ ಬದಲು ಎಣಿಕೆ ಮಾಡಿದೆ. ಆ ದಿನ ಪ್ರೆಸ್ಸಿಗೆ ಬಂದುಹೋದವರನ್ನೂ ಒಳಗೆ ಕೆಲಸ ಮಾಡುವವರನ್ನೂ ಸೇರಿಸಿ ಹನ್ನೆರಡು ಜನರಿಗೆ ಶೀಟು ತೋರಿಸಿ, “ಇದೇನು?” ಎಂದು ಕೇಳಿದೆ. ಬೀಟ್ರೂಟ್ ಎಂದವರು ಮೂವರು. ಕೆಂಡದಲ್ಲಿ ಸುಟ್ಟ ಬದನೆಕಾಯಿ ಎಂದವರು ನಾಲ್ವರು. ಕೊಳೆತ ನೇರಳೆ ಹಣ್ಣು, ಇಬ್ಬರು. ಒಬ್ಬರು ಕುರಿಯ ಲಿವರ್ ಎಂದರು. ಒಬ್ಬರು ಹೇಳಲು ನಾಚಿಕೊಂಡರು. ಬದನೆಕಾಯಿ ಎಂದವರು ಒಬ್ಬರೇ, ನಮ್ಮ ಮಾಲೀಕರು.

ಅದೇ ಹನ್ನೆರಡು ಜನಕ್ಕೆ ನಿಜವಾದ ಕಾಯಿ ತೋರಿಸಿ ಯಾವ ಬಣ್ಣ ಎಂದೂ ಕೇಳಿದೆ. ನೇರಳೆ ಮೂರು, ಊದಾ ಎರಡು, ವೈಲೆಟ್ ಒಂದು, ಕರಿ ಒಂದು. ಉಳಿದ ಐವರು ನನ್ನನ್ನು ಕರುಣೆಯಿಂದ ನೋಡಿ, “ಬದನೆಕಾಯಿ ಬಣ್ಣ” ಎಂದರು.

ಶನಿವಾರ ಮತ್ತು ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಒಂಬತ್ತು ಸಲ ತಿದ್ದಿದೆ. ಹಳದಿಯನ್ನು ಪೂರ್ತಿ ತೆಗೆದೆ. ಕಪ್ಪನ್ನು ತೆಗೆದೆ. ನೀಲಿ ತಗ್ಗಿಸಿದೆ, ಕೆಂಪು ಏರಿಸಿದೆ. ಪರದೆಯ ಮೇಲೆ ಕಾಯಿ ದೀಪದ ಹಾಗೆ ಉರಿಯಿತು. ಕಾಗದದ ಮೇಲೆ ಮಾತ್ರ ಕೆಸರಿನಿಂದ ಮೇಲೇಳಲಿಲ್ಲ. ಮಾಲೀಕರಿಗೂ ಕೊನೆಗೆ ಸಮಸ್ಯೆ ಇದೆ ಎನ್ನಿಸಿ ಪರಿಹಾರ ಸೂಚಿಸಿದರು.

“ಬಣ್ಣ ಬರ್ಲಿಲ್ಲ ಅಂದ್ರೆ ಕಾಯಿ ಬದಲಾಯ್ಸಕ್ಕೆ ಹೇಳಮ್ಮ ಆ ಯಮ್ಮಂಗೆ. ಹಸಿರು ಬದನೆಕಾಯಿ ನಮ್ಮ ಮಿಷಿನ್ನಾಗೆ ಬೊಂಬಾಟಾಗಿ ಬರ್ತೈತೆ.”

ಮಿಷಿನ್ ಓಡಿಸುವವರನ್ನು ನಾವು ಚಾಚಾ ಎನ್ನುತ್ತೇವೆ. ಅರವತ್ತರ ಆಸುಪಾಸು. ಅವರ ಅಜ್ಜ ಇದೇ ಊರಿನಲ್ಲಿ ಬಟ್ಟೆಗೆ ಬಣ್ಣ ಅದ್ದುವ ಕೆಲಸ ಮಾಡುತ್ತಿದ್ದರು. ಅಪ್ಪ ಕಾಲಿನಿಂದ ತುಳಿದು ಓಡಿಸುವ ಟ್ರೆಡಲ್ ಮಿಷಿನ್ನಿನಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಿದ್ದರು. ಚಾಚಾ ನನ್ನ ಒಂಬತ್ತು ತಿದ್ದುಪಡಿಗಳನ್ನೂ ಒಂದು ಮಾತಾಡದೆ ಮುದ್ರಿಸಿ ಕೊಟ್ಟಿದ್ದರು. ಸೋಮವಾರ, ಮೇ 12, ಮಧ್ಯಾಹ್ನ ಮೂರೂವರೆಗೆ ಚಹಾ ಲೋಟ ಕೆಳಗಿಟ್ಟು ಹೇಳಿದರು:

“ಬೇಟಿ, ಕಂಪ್ಯೂಟರಾಗೆ ಎಷ್ಟು ತಿರುವಿದ್ರೂ ಡಬ್ಬೀಲಿ ಇಲ್ಲದ್ದು ಕಾಗದಕ್ಕೆ ಎಲ್ಲಿಂದ ಬರ್ತೈತೆ?”

“ಮೊದ್ಲೇ ಹೇಳಬಾರದಿತ್ತಾ ಚಾಚಾ?”

“ನೀನು ಕೇಳಿದ್ಯಾ? ಓದಿರೋ ಹುಡುಗಿ, ಏನೋ ಮಾಡ್ತೈತೆ ಅಂತ ನೋಡ್ತಾ ಇದ್ದೆ.”

ನಾಲ್ಕು ಬಣ್ಣದ ಮಿಷಿನ್ನಿನಲ್ಲಿ ಇರುವುದು ನಾಲ್ಕೇ ಇಂಕು: ನೀಲಿ, ಕೆಂಪು, ಹಳದಿ, ಕಪ್ಪು. ಕೆಂಪು ಎಂದು ನಾವು ಕರೆಯುವುದು ನಿಜದಲ್ಲಿ ಮೆಜೆಂಟಾ. ಲೋಕದ ಬಣ್ಣಗಳೆಲ್ಲ ಈ ನಾಲ್ಕರ ಸಣ್ಣ ಸಣ್ಣ ಚುಕ್ಕಿಗಳ ಬೆರಕೆ. ಪರದೆ ತನ್ನ ಬೆಳಕನ್ನು ತಾನೇ ಕೊಡುತ್ತದೆ. ಇಂಕಿಗೆ ಆ ಭಾಗ್ಯವಿಲ್ಲ. ಕಾಗದದ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ ಉಳಿದದ್ದನ್ನು ಬಿಡುತ್ತದೆ, ಅಷ್ಟೇ. ಇದೆಲ್ಲ ನನಗೆ ಪಾಠವಾಗಿ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಚಾಚಾ ಬೆರಳಿನಿಂದ ತೋರಿಸಿದರು.

ಮಾಮೂಲಿ ಡಬ್ಬಿಯ ಮೆಜೆಂಟಾವನ್ನು ಬೆರಳ ತುದಿಗೆ ಸಾಸಿವೆಯಷ್ಟು ತೆಗೆದುಕೊಂಡು ಬಿಳಿ ಕಾಗದದ ಮೇಲೆ ತಟ್ಟತೊಡಗಿದರು, ಹಸುಗೂಸಿನ ಬೆನ್ನು ತಟ್ಟುವ ಹಾಗೆ. ತಟ್ಟುತ್ತ ಹೋದಂತೆ ಇಂಕು ತೆಳ್ಳಗಾಗಿ ಅದರ ಒಳಬಣ್ಣ ಬಯಲಾಯಿತು. ಗುಲಾಬಿಯ ಹಿಂದೆ ಹಳದಿಯ ಒಂದು ನೆರಳು. ಆಮೇಲೆ ಕಪಾಟಿನ ಮೂಲೆಯಿಂದ ಇನ್ನೊಂದು ಡಬ್ಬಿ ತೆಗೆದರು. ಹಿಂದೆ ಬೇಕರಿಯೊಂದರ ಸ್ವೀಟ್ ಬಾಕ್ಸಿಗೆಂದು ತರಿಸಿದ ಗುಲಾಬಿ ಇಂಕು. ಅದನ್ನೂ ಪಕ್ಕದಲ್ಲಿ ತಟ್ಟಿದರು. ಇದರ ಒಳಗೆ ಹಳದಿ ಇರಲಿಲ್ಲ. ತಣ್ಣಗೆ, ನೀಲಿಯ ಕಡೆಗೆ ವಾಲಿತ್ತು. ಎರಡರ ಮೇಲೂ ಒಂದೇ ನೀಲಿ ಇಂಕನ್ನು ತಟ್ಟಿದರು.

“ಟ್ಯೂಬ್‌ಲೈಟಿನ ಕೆಳಗೆ ನೋಡಬ್ಯಾಡ, ಹೊರಗೆ ಹೋಗಾಣ ಬಾ,” ಎಂದರು.

ಬೀದಿಯಲ್ಲಿ ನಿಂತು ಮೊದಲು ಎದುರಿನ ಕೋಟೆಯ ಬಂಡೆಗಳನ್ನು ಸ್ವಲ್ಪ ಹೊತ್ತು ನೋಡು ಎಂದರು. ಬೂದು ಬಣ್ಣ ನೋಡಿದರೆ ಕಣ್ಣಿಗೆ ಹತ್ತಿದ ಬೇರೆ ಬಣ್ಣ ತೊಳೆದುಹೋಗುತ್ತದಂತೆ. ಆಮೇಲೆ ಕಾಗದ ನೋಡಿದೆ. ಎಡಗಡೆ ಸುಟ್ಟ ಬದನೆಕಾಯಿ. ಬಲಗಡೆ ಬೀಜದಕ್ಕನ ಬದನೆಕಾಯಿ. ನಿಜವಾದ ಕಾಯಿಯನ್ನು ಮಧ್ಯೆ ಹಿಡಿದರೆ ಬಲಗಡೆಯ ಗುರುತಿನೊಳಗೆ ಅದು ಸೇರಿಹೋಗುವಂತಿತ್ತು.

ಚಾಚಾ ಹೊಲದ ಲೆಕ್ಕದಲ್ಲಿ ಬಿಡಿಸಿ ಹೇಳಿದರು. ಇಂಕುಗಳೆಂದರೆ ಹೊಲದ ಮೂಲೆಗೆ ಹೊಡೆದ ಗೂಟಗಳು. ಅವುಗಳ ನಡುವೆ ಎಷ್ಟು ಜಾಗವಿದೆಯೋ ಅಷ್ಟೇ ಬಣ್ಣ ನಮ್ಮದು. ನೇರಳೆ ಬದನೆ ಗಡಿಯ ಆಚೆ ಬೆಳೆದಿದೆ. ಕಂಪ್ಯೂಟರಿನಲ್ಲಿ ಎಷ್ಟು ಉತ್ತರೂ ಅಲ್ಲಿಗೆ ನೇಗಿಲು ತಲುಪದು. ಮೆಜೆಂಟಾದ ಗೂಟವನ್ನು ಕಿತ್ತು ನೀಲಿಯ ಕಡೆ ಸರಿಸಿದರೆ ಬದನೆ ಒಳಗೆ ಬರುತ್ತದೆ. ಆದರೆ ಇತ್ತ ಕೆಂಪಿನ ಕಡೆ ಒಂದಿಷ್ಟು ಜಾಗ ಬಿಟ್ಟುಕೊಡಬೇಕು. ಕುಂಕುಮ, ಮೆಣಸಿನಕಾಯಿ, ಟೊಮೆಟೊ ಎಲ್ಲ ಸ್ವಲ್ಪ ಗುಲಾಬಿಗೆ ತಿರುಗುತ್ತವೆ.

“ಇನ್ನೊಂದು ಮಾತೈತೆ ಬೇಟಿ. ಇದು ಬಿಸಿಲಿಗೆ ಹೆದರೋ ಬಣ್ಣ. ಸ್ವೀಟ್ ಬಾಕ್ಸು ಒಂದು ದಿನ ಇದ್ರೆ ಸಾಕು, ಅದಕ್ಕೆ ನಡೀತು. ಬಿಸಿಲಿಗೆ ಇಟ್ರೆ ಓಡಿಹೋಗ್ತೈತೆ.”

ಮೇ 12, ಮಧ್ಯಾಹ್ನ 3.40: “ಗುಲಾಬಿ ಡಬ್ಬಿ. ಬಿಸಿಲು ಆಗುವುದಿಲ್ಲ — ಚಾಚಾ.” ಕೆಳಗೆ ಎರಡು ಗೆರೆ ಎಳೆದು ಬರೆದುಕೊಂಡೆ. ಪುಸ್ತಕ ಮುಚ್ಚಿದೆ.

ಮಂಗಳವಾರ ಹೊಸದುರ್ಗದಿಂದ ಒಬ್ಬ ಹಿತೈಷಿ ಬಂದ. ಹಿತೈಷಿ ಎನ್ನುವುದು ಅವನ ಉದ್ಯೋಗ. ಅಲ್ಲಿನ ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆ ಗೋಡೆಗೆ ಹಚ್ಚುವ ಶುಭಾಶಯ ಪತ್ರ ಆಗಬೇಕಿತ್ತು. ಮುಖಂಡರು ಇದುವರೆಗೆ ಯಾವ ಚುನಾವಣೆಗೂ ನಿಂತವರಲ್ಲ. ಯಾವ ಚುನಾವಣೆಗೂ ನಿಲ್ಲಬಹುದಾದವರು. ಮಧ್ಯದಲ್ಲಿ ಕೆಂಪು ಪೇಟ ಸುತ್ತಿ, ಹಣೆಗೆ ಕುಂಕುಮವಿಟ್ಟ ಅವರ ನಗುಮುಖ. ಕೆಳಗೆ ಶುಭ ಕೋರುವವರ ಮುಖಗಳು, ಅಂಗಿಯ ಗುಂಡಿಯಷ್ಟು ಅಗಲ. ಎಣಿಸಿದೆ, ನಲವತ್ತಮೂರು. ಅದರಲ್ಲಿ ಒಬ್ಬನ ಮುಖ ಎರಡು ಸಲ ಇತ್ತು. ಕೇಳಿದ್ದಕ್ಕೆ, “ಇರ್ಲಿ ಬಿಡ್ರಿ, ಅವ್ನಿಗೆ ಅಭಿಮಾನ ಜಾಸ್ತಿ,” ಎಂದ.

ನಮ್ಮ ಮಾಲೀಕರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಬದನೆಯ ಪಾಕೀಟುಗಳನ್ನು ಜೋಡಿಸಿದ ದೊಡ್ಡ ಶೀಟಿನಲ್ಲಿ ಅರ್ಧ ಜಾಗ ಉಳಿದಿತ್ತು. ಅಲ್ಲಿ ಮುಖಂಡರನ್ನು ಕೂರಿಸು ಎಂದರು. ಎರಡು ಗಿರಾಕಿಗಳ ಕೆಲಸವನ್ನು ಒಂದೇ ಶೀಟಿನಲ್ಲಿ ಮುದ್ರಿಸಿ ಆಮೇಲೆ ಕತ್ತರಿಸುವುದು ಸಣ್ಣ ಪ್ರೆಸ್ಸುಗಳ ಪದ್ಧತಿ. ತಪ್ಪೇನಿಲ್ಲ. ಆದರೆ ಶೀಟು ಒಂದೆಂದರೆ ಇಂಕೂ ಒಂದೇ.

“ಎರಡೂ ಬೇರೆ ಬೇರೆ ಹೊಡಿಯಾಣ ಸಾಹುಕಾರ್ರೆ,” ಎಂದರು ಚಾಚಾ. “ಕಾಯಿಗೆ ಬೇಕಾದ ಗುಲಾಬಿ ಬೇರೆ, ಪೇಟಕ್ಕೆ ಬೇಕಾದ ಕೆಂಪು ಬೇರೆ.”

“ಏನು ಚಾಚಾ, ಬಸ್ಸಿನಾಗೆ ಒಂದೊಂದು ಸೀಟಿಗೆ ಒಬ್ಬೊಬ್ರೇ ಕುಂತ್ಕತಾರಾ? ಒತ್ತಾಗಿ ಕೂರಿಸ್ರಿ, ಇಬ್ರೂ ಊರು ಸೇರ್ತಾರೆ.”

ಮೇ 15, ಗುರುವಾರ, ಬೆಳಿಗ್ಗೆ ಹನ್ನೊಂದು. ಒಪ್ಪಿಗೆಯ ಸಹಿ ಹಾಕಲು ಇಬ್ಬರೂ ಗಿರಾಕಿಗಳು ಬಂದರು. ಮಿಷಿನ್ನಿನ ಒಂದು ಬದಿಗೆ ಬೀಜದಕ್ಕ, ಇನ್ನೊಂದು ಬದಿಗೆ ಹಿತೈಷಿ. ಮಾಲೀಕರ ಆಜ್ಞೆಯಂತೆ ಮೊದಲು ಮಾಮೂಲಿ ಮೆಜೆಂಟಾದಲ್ಲೇ ಶೀಟು ಬಂತು. ಮುಖಂಡರು ಕಳೆಕಳೆಯಾಗಿದ್ದರು. ಪೇಟ ಕೆಂಪಗೆ, ಕುಂಕುಮ ಕೆಂಪಗೆ. ಅವರ ಎಡಬಲಕ್ಕೆ ಹದಿನಾರು ಕುರಿಯ ಲಿವರ್.

“ಸೂಪರ್,” ಎಂದ ಹಿತೈಷಿ, ಪೆನ್ನು ತೆಗೆದು.

“ಏನು ಸೂಪರ್ರು?” ಎಂದರು ಬೀಜದಕ್ಕ. “ಇದನ್ನ ನೋಡಿದ್ರೆ ಕಾಯಿಗೆ ರೋಗ ಬಂದೈತೆ ಅಂತಾರೆ. ಈ ಬೀಜ ಯಾರು ತಗತಾರೆ?”

“ಅಕ್ಕಾ, ಸಾಹೇಬ್ರ ಹುಟ್ಟಿದಬ್ಬ ವರ್ಷಕ್ಕೊಂದೇ ಸಲ. ನಿನ್ನ ಬದನೆಕಾಯಿ ಹುಟ್ಟಿದಬ್ಬ ಯಾರಾದ್ರೂ ಮಾಡ್ತಾರಾ?”

“ಮಾಡ್ತೀವಪ್ಪ, ಮೊಳಕೆ ಬಂದ ದಿನ. ನಿಮ್ಮ ಸಾಹೇಬ್ರನ್ನ ಬಿತ್ತಿದ್ರೆ ಏನು ಬರ್ತೈತೆ, ಹೇಳು ನೋಡಾಣ?”

ಚಾಚಾ ಮಿಷಿನ್ನಿನ ಹಿಂದೆ ಬಗ್ಗಿ ಏನೋ ಹುಡುಕುವವರ ಹಾಗೆ ನಕ್ಕರು. ಮಾಲೀಕರು ನಗಲಿಲ್ಲ. ಮುಖಂಡರ ಕಡೆಯವರನ್ನು ಎದುರು ಹಾಕಿಕೊಳ್ಳುವಂತಿಲ್ಲ. ಬದನೆಕಾಯಿಯ ಕಡೆಯವರು ಒಬ್ಬರೇ. “ನೋಡಮ್ಮ, ಇದೇ ಇಂಕಿನಾಗೆ ಓಡ್ಸಾಣ. ಹಳ್ಳಿ ಜನಕ್ಕೆ ಅಷ್ಟೆಲ್ಲ ಗೊತ್ತಾಗಲ್ಲ,” ಎಂದರು.

ಬೀಜದಕ್ಕ ಜಗಳವಾಡಲಿಲ್ಲ. ಸೆರಗು ಸರಿಮಾಡಿಕೊಂಡು, ಮುದ್ರಿಸಲು ಎತ್ತಿಟ್ಟಿದ್ದ ಕಾಗದದ ಕಟ್ಟಿನ ಮೇಲೆ ಕುಳಿತರು.

“ಅಲ್ಲಿ ಕುಂತ್ಕಬ್ಯಾಡ್ರಿ, ಅದು ಕಾಗದ!”

“ಗೊತ್ತೈತ್ರಿ. ಹಳ್ಳಿ ಜನಕ್ಕೆ ಅಷ್ಟು ಗೊತ್ತಾಗ್ತೈತೆ. ನನ್ನ ಕಾಯಿ ಸರಿಯಾದಾಗ ಏಳ್ತೀನಿ.”

ಹನ್ನೊಂದು ಇಪ್ಪತ್ತೈದರಿಂದ ಹನ್ನೆರಡರವರೆಗೆ ಪ್ರೆಸ್ಸಿನಲ್ಲಿ ಯಾವ ಕೆಲಸವೂ ನಡೆಯಲಿಲ್ಲ. ಬೇರೆ ಕಾಗದ ಇರಲಿಲ್ಲ. ಹೆಂಗಸನ್ನು ಕೈಹಿಡಿದು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಿತೈಷಿ ಮೂರು ಸಲ ಫೋನಿನಲ್ಲಿ ಗಂಟೆ ನೋಡಿದ. ಮಾಲೀಕರು ನಾಲ್ಕು ಸಲ ಹೊರಗೆ ಹೋಗಿ ಬಂದರು. ಕೊನೆಗೆ ಚಾಚಾ, “ಒಂದು ರೋಲರ್ ತೊಳದ್ರೆ ಅರ್ಧ ಗಂಟೆ ಸಾಹುಕಾರ್ರೆ. ಒಂದು ಸಲ ಆ ಡಬ್ಬಿ ಹಾಕಿ ನೋಡಾಣ. ಹೆಂಗೂ ಸುಮ್ನೆ ಕುಂತೀವಿ,” ಎಂದು, ಉತ್ತರಕ್ಕೆ ಕಾಯದೆ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದರು.

ಹನ್ನೆರಡು ಮುಕ್ಕಾಲಿಗೆ, ಮಿಷಿನ್ನಿನಲ್ಲೇ ಉಳಿದಿದ್ದ ಒಂದೆರಡು ಹಾಳೆಯಲ್ಲಿ, ಹೊಸ ಶೀಟು ಬಂತು. ಹದಿನಾರು ಬದನೆಕಾಯಿ ಕಣ್ಣು ಬಿಟ್ಟಿದ್ದವು. ಬಿಳಿ ಗೀರು ಕೂಡ ನೇರಳೆಯಿಂದ ಬೇರೆಯಾಗಿ ಎದ್ದು ಕಾಣುತ್ತಿತ್ತು. ಬೀಜದಕ್ಕ ಚೀಲದಿಂದ ಒಂದು ಕಾಯಿ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಕಾಗದದ ಕಟ್ಟಿನಿಂದ ಎದ್ದು ನಿಂತರು.

ಮಧ್ಯದಲ್ಲಿ ಮುಖಂಡರು ಗುಲಾಬಿಯಾಗಿದ್ದರು. ಕುಂಕುಮ ಗುಲಾಬಿ. ಪೇಟ ರಾಣಿ ಬಣ್ಣಕ್ಕೆ ತಿರುಗಿ ಮದುವೆ ಹೆಣ್ಣಿನ ರವಿಕೆಯ ಹಾಗೆ ಹೊಳೆಯುತ್ತಿತ್ತು. ಕೆನ್ನೆಗಳಲ್ಲಿ ಎಳೆಗೂಸಿನ ರಂಗು. ಮಾಲೀಕರು ಕಣ್ಣು ಮುಚ್ಚಿಕೊಂಡರು. ಹಿತೈಷಿ ಶೀಟನ್ನು ಹತ್ತಿರ ಹಿಡಿದ, ದೂರ ಹಿಡಿದ, ಕಿಟಕಿಗೆ ಒಯ್ದ.

“ಏನ್ರಿ ಇದು!” ಎಂದ. “ಸಾಹೇಬ್ರು ಹತ್ತು ವರ್ಷ ಚಿಕ್ಕೋರಾಗವ್ರಲ್ರಿ! ಈ ಮಿಷಿನ್ನು ಮೊದ್ಲೇ ಯಾಕೆ ಹಾಕ್ಲಿಲ್ಲ?”

ಫೋಟೋ ತೆಗೆದು ಮುಖಂಡರಿಗೇ ಕಳಿಸಿದ. ನಾಲ್ಕು ನಿಮಿಷಕ್ಕೆ ಉತ್ತರ ಬಂತು: ಕೈಮುಗಿದ ಚಿತ್ರಗಳು, ಮೂರು. ಇಬ್ಬರೂ ಸಹಿ ಹಾಕಿದರು. ಮಾಲೀಕರು, “ನಾನು ಹೇಳಿರ್ಲಿಲ್ವ, ಬಸ್ಸಿನಾಗೆ ಇಬ್ರೂ ಊರು ಸೇರ್ತಾರೆ ಅಂತ,” ಎಂದರು. ಗಂಟೆ: ಒಂದು ಹತ್ತು.

ಮೇ 17ಕ್ಕೆ ಪಾಕೀಟುಗಳು ಹೋದವು, ಶುಭಾಶಯಗಳೂ ಹೋದವು.

ಜೂನ್ 4, ಬುಧವಾರ. ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರದ ಗೋಡೆಯಲ್ಲಿ ಮುಖಂಡರನ್ನು ನೋಡಿ ಬಸ್ಸು ತಪ್ಪಿಸಿಕೊಂಡೆ. ಮುಖ ಹಳದಿ, ಗಲ್ಲದ ಕೆಳಗೆ ಹಸಿರು, ಪೇಟ ಮಾಸಿದ ಬಿಸ್ಕತ್ತಿನ ಬಣ್ಣ. ಸುತ್ತ ಓಡಾಡಿ ಎಣಿಸಿದೆ. ಬಿಸಿಲು ಬೀಳುವ ಗೋಡೆಯಲ್ಲಿ ಆರು, ಆರೂ ಹಳದಿ. ಛಾವಣಿಯ ನೆರಳಿನಲ್ಲಿ ಮೂರು, ಮೂರೂ ಮೊದಲಿನಂತೆ ಗುಲಾಬಿ. ಪ್ರೆಸ್ಸಿಗೆ ಹೋಗುವಷ್ಟರಲ್ಲಿ ಹಿತೈಷಿ ಬಂದು ಕುಳಿತಿದ್ದ.

“ಹಾಲುರಾಮೇಶ್ವರದ ಗುಡಿ ದಾರಿ ಉದ್ದಕ್ಕೂ ಹಚ್ಚೀವ್ರಿ! ಹೋಗಿ ಬರೋ ಜನ ಎಲ್ಲಾ ಸಾಹೇಬ್ರಿಗೆ ಫೋನ್ ಮಾಡಿ, ಕಾಮಾಲೆ ಯಾವಾಗಿಂದ ಅಂತ ಕೇಳ್ತಾವ್ರೆ. ಐದು ಜನ ನೆಲನೆಲ್ಲಿ ಕಷಾಯ ತಂದು ಕೊಟ್ಟವ್ರೆ. ಸಾಹೇಬ್ರು ಕುಡಿಯಂಗೂ ಇಲ್ಲ, ಬಿಡಂಗೂ ಇಲ್ಲ!”

ಮಾಲೀಕರು ಅವನಿಗೆ ಕಾಫಿ ಕೊಡಿಸಿ, “ಜನಕ್ಕೆ ಸಾಹೇಬ್ರ ಮ್ಯಾಲೆ ಎಷ್ಟು ಕಾಳಜಿ ಐತೆ ಅಂತ ಈಗ ಗೊತ್ತಾತಲ್ಲಪ್ಪ,” ಎಂದು ಸಮಾಧಾನ ಮಾಡುತ್ತಿದ್ದರು. ನನಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ನಾನು ದಿನಚರಿಯಲ್ಲಿ ಮೇ 12ರ ಪುಟ ತೆರೆದು ಕುಳಿತಿದ್ದೆ. ಎರಡು ಗೆರೆ. ಬಿಸಿಲು ಆಗುವುದಿಲ್ಲ. ಚಾಚಾ ನನಗೆ ಹೇಳಿದ್ದರು. ನಾನು ಪುಸ್ತಕಕ್ಕೆ ಹೇಳಿದ್ದೆ. ಬೀಜದಕ್ಕನಿಗೆ ಯಾರೂ ಹೇಳಿರಲಿಲ್ಲ. ಅವರ ಪಾಕೀಟುಗಳು ನೇತಾಡುತ್ತಿದ್ದುದು ಅಂಗಡಿಗಳ ಮುಂದಿನ ಕೊಕ್ಕೆಗಳಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ. ಮಳೆ ಇನ್ನೂ ಬಿದ್ದಿರಲಿಲ್ಲ.

ಜೂನ್ 8, ಭಾನುವಾರ, ಹಿರಿಯೂರು. ಮೂರು ಅಂಗಡಿ ನೋಡಿದೆ. ಎರಡರಲ್ಲಿ ಗುಲಾಬಿ ಇಂಕು ಓಡಿಹೋಗಿ ಬದನೆಕಾಯಿಗಳು ನೀಲಿಯಾಗಿದ್ದವು, ಶಾಲೆಯ ಸಮವಸ್ತ್ರದ ನೀಲಿ. ಮೂರನೆಯದರಲ್ಲಿ ಬೋರ್ಡಿನ ನೆರಳಿದ್ದುದರಿಂದ ಅರ್ಧ ನೀಲಿ, ಅರ್ಧ ನೇರಳೆ. ಪಕ್ಕದ ಕೊಕ್ಕೆಗಳಲ್ಲಿ ಕಂಪನಿಯ ಪಾಕೀಟುಗಳು, ಮೇಲೆ ಎರಡು ಬೇಸಿಗೆಯ ಧೂಳು, ಚಿತ್ರದ ಟೊಮೆಟೊ ಮಾತ್ರ ಇಂದು ಬೆಳಿಗ್ಗೆ ಕಿತ್ತ ಹಾಗೆ. ಅಂಗಡಿಯವರು, “ನಿಮ್ಮಕ್ಕನ ಕಾಯಿ ಇದೇ ಬಣ್ಣ ಬಿಡ್ತೈತೇನಮ್ಮ?” ಎಂದು ನಕ್ಕರು. ಈ ವಾರ ನೋಡಿ ಕೊಕ್ಕೆ ಖಾಲಿ ಮಾಡಿಸುತ್ತೇನೆ ಎಂದೂ ಹೇಳಿದರು.

ಅಲ್ಲಿಂದ ನೇರ ಬೀಜದಕ್ಕನ ಹಿತ್ತಲಿಗೆ ಹೋದೆ. ಅವರು ಸಸಿಮಡಿಗೆ ನೀರು ಚಿಮುಕಿಸುತ್ತಿದ್ದರು. ನಿಂತುಕೊಂಡೇ ದಿನಚರಿ ತೆರೆದು ಆ ಸಾಲನ್ನು ಓದಿ ಹೇಳಿದೆ.

“ಯಾವತ್ತು ಬರಕೊಂಡಿದ್ದು?”

“ಮೇ ಹನ್ನೆರಡು, ಅಕ್ಕ. ಮೂರು ನಲವತ್ತು.”

“ಗಂಟೇನೂ ಐತೆ!” ಎಂದರು. “ಅಲ್ಲ ಕಣೇ, ಬರದು ಪುಸ್ತಕ ಮುಚ್ಚಿಟ್ರೆ ಬಿಸಿಲಿಗೇನು ಓದೋಕೆ ಬರ್ತೈತಾ?”

ಅವರು ಕೈ ಒರೆಸಿಕೊಂಡು, ನಾನು ತಂದಿದ್ದ ನೀಲಿ ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನಾನು ಎಣಿಸದ ಒಂದನ್ನು ಕೇಳಿದರು.

“ಕಾಯಿ ಬಣ್ಣ ಹೋಯ್ತು, ಸರಿ. ಅಷ್ಟು ದಿನ ಬಿಸಿಲಿಗೆ ನೇತಾಡಿದ ಬೀಜದ ಗತಿ ಏನು?”

ಮನೆಯೊಳಗೆ ಉಳಿದಿದ್ದ ನೇರಳೆ ಪಾಕೀಟಿನಿಂದ ಐವತ್ತು ಬೀಜ, ನೀಲಿ ಪಾಕೀಟಿನಿಂದ ಐವತ್ತು ಬೀಜ ಎಣಿಸಿದೆವು. ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಗಡಿಗೆಯ ಪಕ್ಕ ಇಟ್ಟೆವು. ಅವರ ಮನೆಯಲ್ಲಿ ಬಿತ್ತುವ ಮೊದಲು ಬೀಜ ಪರೀಕ್ಷಿಸುವುದು ಯಾವಾಗಲೂ ಹೀಗೇ. ಅಂಗಡಿಗಳಿಗೆ ಅವರೇ ಫೋನ್ ಮಾಡಿ ಹತ್ತು ದಿನ ಕೊಕ್ಕೆ ಮುಟ್ಟಬೇಡಿ ಎಂದು ಹೇಳಿ ಒಪ್ಪಿಸಿದರು. ಹೊಸದುರ್ಗದ ಒಬ್ಬರು ಮಾತ್ರ ಒಪ್ಪಲಿಲ್ಲ.

ಜೂನ್ 17, ಮಂಗಳವಾರ, ಬೆಳಿಗ್ಗೆ ಏಳು. ಕೆಲಸಕ್ಕೆ ರಜೆ ಹಾಕಿ ಹೋದೆ. ಗಂಟು ಬಿಚ್ಚಿದೆವು. ನೇರಳೆಯಲ್ಲಿ ಮೊಳಕೆ ಬಂದದ್ದು ನಲವತ್ತನಾಲ್ಕು. ನೀಲಿಯಲ್ಲಿ ಇಪ್ಪತ್ತೊಂಬತ್ತು. ಎರಡು ಸಲ ಎಣಿಸಿದೆ.

ಬೀಜದಕ್ಕ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. “ನೋಡ್ದ್ಯಾ! ನಿಮ್ಮ ಇಂಕು ಸುಳ್ಳು ಹೇಳಿಲ್ಲ. ಬೀಜ ಸುಟ್ಟೈತೆ ಅಂತ ಮೊದ್ಲೇ ಕೂಗಿ ಹೇಳೈತೆ. ಕಂಪ್ನಿ ಪಾಕೀಟಿನಾಗೆ ಬೀಜ ಸತ್ರೂ ಕಾಯಿ ನಗ್ತಾ ಇರ್ತೈತೆ.”

ಅದೇ ದಿನ ಒಂದು ರಬ್ಬರ್ ಸ್ಟಾಂಪ್ ಮಾಡಿಸಿದೆವು. ಪಾಕೀಟಿನ ಹಿಂದೆ ಹೊಡೆಯಲು, ಅವರದೇ ಮಾತು, ನಾನು ಅಕ್ಷರ ಮಾತ್ರ ಜೋಡಿಸಿದೆ: “ಕಾಯಿ ನೇರಳೆ ಇದ್ದರೆ ಕೊಳ್ಳಿ. ನೀಲಿಯಾಗಿದ್ದರೆ ಬಿಸಿಲಿಗೆ ಬಿದ್ದ ಬೀಜ, ಕೊಳ್ಳಬೇಡಿ.” ಬೀಜದಕ್ಕ ನೀಲಿ ಪಾಕೀಟುಗಳನ್ನೆಲ್ಲ ವಾಪಸ್ ತಂದು, ಮನೆಯಲ್ಲಿ ಉಳಿದಿದ್ದ ಪಾಕೀಟುಗಳಲ್ಲಿ ನೆರಳಿನ ಬೀಜ ತುಂಬಿ, ಎರಡು ದಿನ ಅಂಗಡಿಯಿಂದ ಅಂಗಡಿಗೆ ಅಲೆದರು. ಮೊಳಕೆಯ ಎರಡು ಗಂಟುಗಳನ್ನೂ ಕೈಯಲ್ಲೇ ಒಯ್ದು ತೋರಿಸಿದರು. ನೆರಳಿನಲ್ಲಿ ನೇತುಹಾಕಿ ಎಂದರು. ಐದು ಅಂಗಡಿಯವರು ಕೊಕ್ಕೆಯನ್ನು ಒಳಗಿನ ಗೋಡೆಗೆ ಸರಿಸಿದರು. ಹೊಸದುರ್ಗದ ಆ ಒಬ್ಬರು ತಮ್ಮ ಅಂಗಡಿಗೆ ಒಳಗೇ ಇಲ್ಲ, ಇರುವುದೆಲ್ಲ ಹೊರಗೇ ಎಂದು ಕೊಕ್ಕೆ ಕಿತ್ತುಕೊಂಡರು. ಅದು ನಿಜವೂ ಆಗಿತ್ತು.

ಜೂನ್ 21ರ ಸಂಜೆ ಮಳೆ ಬಿತ್ತು. ಜೂನ್ 28ಕ್ಕೆ ಬೀಜದಕ್ಕನ ಫೋನ್: ಪಾಕೀಟೆಲ್ಲ ಮಾರಿ ಐದು ಕೊಕ್ಕೆಯೂ ಖಾಲಿ, ಐದೂ ಅವರಿಗೇ ಉಳಿದಿವೆ. ಜನ ಪಾಕೀಟು ತಿರುಗಿಸಿ ಸ್ಟಾಂಪ್ ಓದಿ, ಪಕ್ಕದ ಕೊಕ್ಕೆಯ ಕಂಪನಿ ಪಾಕೀಟನ್ನೂ ತಿರುಗಿಸಿ, “ಇದರಾಗೆ ಯಾಕೆ ಬರದಿಲ್ಲ?” ಎಂದು ಕೇಳುತ್ತಿದ್ದರಂತೆ. ಅಂಗಡಿಯವರಿಗೆ ಅದೊಂದು ಹೊಸ ತಲೆನೋವು.

ನಮ್ಮ ಮಾಲೀಕರು ಈಗ ಬಂದವರಿಗೆಲ್ಲ, “ನಮ್ಮಲ್ಲಿ ಬಿಸಿಲು ತೋರಿಸೋ ಸ್ಪೆಷಲ್ ಇಂಕು ಐತೆ, ಬೇರೆ ಕಡೆ ಸಿಗಲ್ಲ,” ಎನ್ನುತ್ತಾರೆ. ಹಿತೈಷಿ ಮುಂದಿನ ವರ್ಷದ ಶುಭಾಶಯಕ್ಕೆ ಬೇರೆ ಪ್ರೆಸ್ ನೋಡಿಕೊಂಡಿದ್ದಾನೆ. ಅಲ್ಲಿನ ಮೊದಲ ಶೀಟು ನೋಡಿ, ಸಾಹೇಬರಿಗೆ ವಯಸ್ಸಾದಂತೆ ಕಾಣುತ್ತದೆ ಎಂದು ಒಪ್ಪಿಲ್ಲವಂತೆ.

ಚಾಚಾ ಗುಲಾಬಿ ಡಬ್ಬಿಯನ್ನು ತೂಗಿ ನೋಡಿದರು. ಇನ್ನೊಂದು ಸಲ ಓಡಿಸುವಷ್ಟಿದೆ. ಅಕ್ಕನ ಪಾಕೀಟಿಗೆ ಓಡಿಹೋಗುವ ಬಣ್ಣವೇ ಸರಿ; ಆದರೆ ಬಿಸಿಲಿನ ಗೋಡೆಗೆ ಹೋಗುವ ಕೆಲಸಕ್ಕೆ, ಅಷ್ಟರೊಳಗೆ ನನಗೆ ಉತ್ತರ ಬೇಕಾದ ಪ್ರಶ್ನೆ ಇದು: ಬದನೆಯ ನೇರಳೆಯನ್ನು ತಲುಪುವ, ಆದರೂ ಚಿತ್ರದ ಮೇಲೆ ಬಿಸಿಲು ಬಿದ್ದರೆ ಒಂದು ಬೇಸಿಗೆ ತಡೆಯುವ ಮೆಜೆಂಟಾ ಇದೆಯೇ? ಇದೆ ಎನ್ನುತ್ತಾರೆ ಇಂಕಿನ ವ್ಯಾಪಾರಿ; ಕಣ್ಣಾರೆ ಕಂಡವರು ನಮ್ಮ ಕಡೆ ಸಿಕ್ಕಿಲ್ಲ. ನಾಲ್ಕು ಇಂಕಿನ ಜೊತೆ ನೇರಳೆಯದೇ ಐದನೆಯ ಇಂಕು ಹಾಕಿ ಓಡಿಸಿದವರಿದ್ದರೆ ಅವರ ಅನುಭವವೂ ಬೇಕು. ಬಲ್ಲವರು ದಯವಿಟ್ಟು ಬರೆದು ತಿಳಿಸಿ: ಯಾವ ಡಬ್ಬಿ, ಎಂಥ ಕಾಗದ, ಎಷ್ಟು ದಿನದ ಬಿಸಿಲು, ಕೊನೆಗೆ ಯಾವ ಬಣ್ಣ ಉಳಿಯಿತು. ಬಂದದ್ದನ್ನು ದಿನಚರಿಯಲ್ಲಿ ಬರೆದುಕೊಳ್ಳುತ್ತೇನೆ. ಅದಕ್ಕೂ ಮೊದಲು ಬೀಜದಕ್ಕನಿಗೆ ಓದಿ ಹೇಳುತ್ತೇನೆ.